ನಲವತ್ತೊಂದನೆಯ ಹಾಳೆಯ ನಂತರ

ಗುರುವಾರ ಬೆಳಿಗ್ಗೆ ಏಳಕ್ಕೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತುತ್ತಿದ್ದೆ. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಕಾಲು ಗಂಟೆ ಕಳೆದರೂ ಒಂಬತ್ತರೊಳಗೆ ನಾಗಮಂಗಲ. ಒಂಬತ್ತೂಕಾಲಿಗೆ ಗೆಳೆಯನ ಮನೆ. ಒಂಬತ್ತೂವರೆಗೆ ಓದು ಶುರು, ಹನ್ನೊಂದೂವರೆಗೆ ಮುಗಿತಾಯ. ಎರಡು ಗಂಟೆಗೆ ಒಂದು ಹಾಳೆ, ಅಂದರೆ ಎರಡು ಪುಟ. ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಉಂಡು ಮದರಸಾದಲ್ಲಿ ಬೆಳೆದವನು ನಾನು. ಆಮೇಲೆ ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದಾಗಲೂ ಗಂಟೆಯೇ. ನಿವೃತ್ತಿಯಾದ ಮೇಲೆ ಗಂಟೆ ಹೊಡೆಯುವವರಿಲ್ಲ, ಅಷ್ಟೇ ವ್ಯತ್ಯಾಸ.

ನಾವು ಸಂಪಾದಿಸುತ್ತಿದ್ದದ್ದು ಒಂದು ನ್ಯಾಯಗ್ರಂಥ. ನಮ್ಮ ಈ ಸೀಮೆಯ ಒಬ್ಬ ಖಾಜಿ, ತಲೆಮಾರುಗಳ ಹಿಂದೆ, ಹಳ್ಳಿಗಳಲ್ಲಿ ಕೂತು ತೀರ್ಪು ಹೇಳುವವರ ಅನುಕೂಲಕ್ಕೆಂದು ಅರಬಿಯಲ್ಲಿ ಬರೆದದ್ದು. ಮದುವೆ, ತಲಾಖ್, ಪಾಲು, ಸಾಕ್ಷಿ, ಬಾವಿ, ಕಾಲುವೆ, ಕಳೆದುಹೋದ ದನ, ಎಲ್ಲಕ್ಕೂ ಒಂದೊಂದು ಅಧ್ಯಾಯ. ಅಚ್ಚಾದದ್ದಲ್ಲ. ಮದರಸಾದಲ್ಲಿ ನಮಗೆ ಕಲಿಸಿದ ಉಸ್ತಾದರ ಬಳಿ ಅದರ ಒಂದು ಕೈಬರಹದ ಪ್ರತಿ ಇತ್ತು. ಅದನ್ನು ನೋಡಿಕೊಂಡೇ ಅವರು ನಮಗೆ ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಸಿದರು. ಒಂದು ಪದ ತಪ್ಪಿದರೆ ಅಧ್ಯಾಯದ ಮೊದಲಿನಿಂದ. ಬೆತ್ತ ಬೇರೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದವನು ಈ ಗೆಳೆಯ. ನಾನು ಎರಡನೆಯವನು.

ಉಸ್ತಾದರು ತೀರಿಕೊಳ್ಳುವಾಗ ಅವರ ಪ್ರತಿ ನನಗೆ ಬಂತು. ಅದಕ್ಕಿಂತ ಹಳೆಯದು, ಖಾಜಿಯ ಕಾಲಕ್ಕೆ ಹತ್ತಿರದ್ದು, ಗೆಳೆಯನ ಮನೆಯಲ್ಲಿತ್ತು. ನೂರಿಪ್ಪತ್ತಾರು ಹಾಳೆ. ಮೂರನೆಯದೊಂದು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಇದೆಯೆಂದು ಕೇಳಿ ಸಿಂಧಘಟ್ಟದ ಕಡೆಯ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯರು ಚಾಪೆ ಹಾಸಿ, ಟೀ ಕೊಟ್ಟು, ಬಂದ ವಿಷಯ ಕೇಳಿಸಿಕೊಂಡು ಹೇಳಿದರು.

"ಗೆದ್ಲು ಇಡ್ದಿತ್ತು ಮೇಷ್ಟ್ರೇ. ಅಲ್ಲಾನ ಎಸ್ರು ಇರೋ ಕಾಗ್ದ, ತಿಪ್ಪೆಗೆ ಆಕಾಕಾಯ್ತದಾ? ಓದ್ ವರ್ಸ ಬಟ್ಟೆಲಿ ಸುತ್ತಿ ಹರಿಯೋ ನೀರಿಗೆ ಬುಟ್ಬುಟ್ಟೊ."

ಅದು ನಮ್ಮ ಪದ್ಧತಿ. ಹಳೆಯ ಪವಿತ್ರ ಕಾಗದವನ್ನು ತಣ್ಣಗೆ ಮಾಡುವುದು ಅನ್ನುತ್ತೇವೆ. ಅವರನ್ನು ದೂರುವ ಹಾಗಿರಲಿಲ್ಲ. ಹೇಮಾವತಿ ನಾಲೆಯ ಏರಿಯ ಮೇಲೆ ಬಸ್ಸಿಗೆ ಕಾಯುತ್ತ ನಿಂತಾಗ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಪ್ರತಿಯ ತಪ್ಪುಗಳನ್ನು ಹಿಡಿಯಲು ಈ ಭೂಮಿಯ ಮೇಲೆ ಗೆಳೆಯನ ಮನೆಯ ಪ್ರತಿಯೊಂದೇ ಉಳಿದಿದೆ.

ಆ ಪ್ರತಿ ಹೊಸ್ತಿಲು ದಾಟಬಾರದು, ಹೊರಗಿನವರ ಕೈ ತಾಗಬಾರದು ಎಂದು ಅವನ ತಂದೆ ಹೇಳಿಹೋಗಿದ್ದರು. ಫೋಟೊ ತೆಗೆಯುವುದನ್ನೂ ಅವನು ಒಪ್ಪಲಿಲ್ಲ. ಹಾಗಾಗಿ ಹಳೆಯ ಕ್ರಮವನ್ನೇ ಹಿಡಿದೆವು. ಅವನು ಕೈಕಾಲು ಮುಖ ತೊಳೆದು ವಜೂ ಮಾಡಿ, ಮರದ ಪೀಠದ ಮೇಲೆ ತನ್ನ ಪ್ರತಿ ಇಟ್ಟು ಗಟ್ಟಿಯಾಗಿ ಓದುವುದು. ನಾನು ಎದುರಿಗೆ ಕೂತು ನನ್ನ ಪ್ರತಿಯಲ್ಲಿ ಬೆರಳಿಟ್ಟು ಅನುಸರಿಸುವುದು. ಎಲ್ಲಿ ಬೇರೆ ಪದ ಕೇಳಿತೋ ಅಲ್ಲಿ ನಿಲ್ಲಿಸಿ ಪಾಠಾಂತರ ಎಂದು ಬರೆದುಕೊಳ್ಳುವುದು. ಮೈಸೂರಿನ ಒಂದು ಸಣ್ಣ ಟ್ರಸ್ಟು ಅಚ್ಚು ಹಾಕಿಸಲು ಒಪ್ಪಿತ್ತು. ಸಂಪಾದಕರೆಂದು ಇಬ್ಬರ ಹೆಸರೂ ಬರುವುದಿತ್ತು. ಅವನಿಗೆ ಆ ಪುಟದ ಆಸೆ ಬಹಳ.

"ಮೊದ್ಲು ಯಾರ್ ಎಸ್ರು ಆಕುಸ್ತೀಯ?" ಎಂದು ಆಗಾಗ ಕೇಳುತ್ತಿದ್ದ.

"ಅಕ್ಷರ ಕ್ರಮದಲ್ಲಿ."

"ಅಂಗಾದ್ರೆ ನಾನೇ ಮೊದ್ಲು. ಬುಡು, ನೀನು ಯಾವತ್ತಿದ್ರೂ ಎರಡನೇವ್ನೇ ಕಣ್ಲಾ."

ಮೊದಲ ನಲವತ್ತೊಂದು ಹಾಳೆಗಳಲ್ಲಿ ಪುಟಕ್ಕೆ ಎಂಟು, ಹತ್ತು ಪಾಠಾಂತರ ಸಿಕ್ಕವು. ನಲವತ್ತೆರಡನೆಯದರಿಂದ ನಿಂತುಹೋದವು. ವಾರಗಟ್ಟಲೆ ಅವನು ಓದಿದ್ದೂ ನನ್ನ ಎದುರಿನ ಸಾಲೂ ಅಕ್ಷರಕ್ಕೆ ಅಕ್ಷರ ಒಂದೇ. ನನಗೆ ಸಂತೋಷವಾಯಿತು. ಸಂತೋಷವಾದಾಗ ಮನುಷ್ಯ ಸಿದ್ಧಾಂತ ಕಟ್ಟುತ್ತಾನೆ. ನಲವತ್ತೆರಡನೆಯ ಹಾಳೆಯಿಂದ ಆ ಲಿಪಿಕಾರ ಬೇರೊಂದು ಮೂಲವನ್ನು ನೋಡಿಕೊಂಡು ಬರೆದಿರಬೇಕು, ಅದು ನಮ್ಮ ಉಸ್ತಾದರ ಪ್ರತಿಯ ತೀರ ಹತ್ತಿರದ ಸಂಬಂಧಿಯಾಗಿರಬೇಕು ಎಂದು ತರ್ಕಿಸಿದೆ. ಪ್ರಸ್ತಾವನೆಗೆಂದು ಆ ವಿಷಯವಾಗಿ ಒಂದೂವರೆ ಪುಟ ಬರೆದೂ ಇಟ್ಟೆ. ಚೆನ್ನಾಗಿಯೇ ಬರೆದಿದ್ದೆ.

ಎಪ್ಪತ್ತೇಳನೆಯ ಹಾಳೆಯ ದಿನ ನನಗೆ ಕೆಮ್ಮು ಹತ್ತಿತು. ಓದು ನಿಲ್ಲಿಸಬೇಡವೆಂದು ಕೈಸನ್ನೆ ಮಾಡಿ, ಅವನ ಬೆನ್ನ ಹಿಂದಿನ ಗೂಡಿನಲ್ಲಿದ್ದ ನೀರಿನ ಚೊಂಬು ತರಲು ಎದ್ದೆ. ಕುಡಿದು ತಿರುಗಿದಾಗ ಅವನ ಹೆಗಲ ಮೇಲಿಂದ ಪುಟ ಕಂಡಿತು. ಮೂರನೆಯ ಸಾಲಿನಿಂದ ಐದನೆಯ ಸಾಲಿನವರೆಗೆ ಹುಳ ತಿಂದು, ಹುಣಸೆ ಬೀಜದಷ್ಟು ಅಗಲದ ತೂತಾಗಿತ್ತು. ತೂತಿನೊಳಗಿಂದ ಕೆಳಗಿನ ಹಾಳೆಯ ಕಾಗದ ಕಾಣುತ್ತಿತ್ತು. ಅವನು ಈಗಷ್ಟೇ ಓದಿದ ನಾಲ್ಕು ಪದಗಳು ಅಲ್ಲಿರಲೇ ಇಲ್ಲ. ಅವನ ಬೆರಳು ಸಾಲಿನ ಮೇಲೂ ಇರಲಿಲ್ಲ. ಎರಡು ಸಾಲುಗಳ ನಡುವಿನ ಬಿಳಿ ಜಾಗದಲ್ಲಿ ಓಡುತ್ತಿತ್ತು.

ನನ್ನ ಜಾಗಕ್ಕೆ ಬಂದು ಕೂತೆ. ಹನ್ನೊಂದೂವರೆಯವರೆಗೂ ಅವನು ಓದಿದ. ಒಂದೂ ಪಾಠಾಂತರ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅವನು ಉಸ್ತಾದರು ಕಲಿಸಿದ್ದನ್ನು ಒಪ್ಪಿಸುತ್ತಿದ್ದ, ಉಸ್ತಾದರು ಕಲಿಸಿದ್ದು ನನ್ನ ಎದುರಿಗಿದ್ದ ಪ್ರತಿಯಿಂದ. ಒಂಬತ್ತು ತಿಂಗಳಿಂದ ನಾನು ನನ್ನ ಪ್ರತಿಯನ್ನು ನನ್ನ ಪ್ರತಿಯ ಜೊತೆಗೇ ಹೋಲಿಸುತ್ತಿದ್ದೆ.

ಮೇಷ್ಟ್ರಾಗಿದ್ದವನಿಗೆ ತಪ್ಪು ಕಂಡ ಮೇಲೆ ಸುಮ್ಮನಿರಲು ಬರುವುದಿಲ್ಲ.

"ಇವತ್ತು ನೀನು ಓದಿದ್ದು ಹಾಳೆಯಲ್ಲಿಲ್ಲ," ಅಂದೆ.

"ಏನಿಲ್ಲ?"

"ಮೂರನೇ ಸಾಲಿಗೆ ಹುಳ ಬಿದ್ದಿದೆ. ತೂತಾಗಿದೆ. ಅಲ್ಲಿದ್ದ ನಾಲ್ಕು ಪದ ಹೋಗಿವೆ. ನೀನು ನಾಲ್ಕೂ ಓದಿದೆ."

ಅವನು ಪುಟದ ಮೇಲೆ ಅಂಗೈ ಇಟ್ಟ. ತೂತನ್ನು ಬೆರಳಿಂದ ಹುಡುಕಿದ. ಸಿಕ್ಕಿತು.

"ಉಳ ತಿಂದ್ರೇನ್ಲಾ? ಉಳಕ್ಕಿಂತ ಮುಂಚೆ ನಾನ್ ತಿಂದಿವ್ನಿ ಇದ್ನ."

"ಕಣ್ಣು ಯಾವಾಗಿಂದ ಕಾಣ್ತಿಲ್ಲ?"

"ಕಾಣ್ತದೆ."

"ನಾನು ಯಾವ ಬಣ್ಣದ ಅಂಗಿ ಹಾಕಿದ್ದೀನಿ ಹೇಳು."

"ಬಿಳೀದು. ನಲ್ವತ್ ವರ್ಸದಿಂದ ಬಿಳೀದೇ ಆಕ್ಕೊಂಡು ಸಾಯ್ತಿದ್ದೀಯ, ಅದ್ನ ಬ್ಯಾರೆ ನೋಡ್ಬೇಕಾ?"

ನಾನು ನಗಲಿಲ್ಲ. ಅವನೂ ನಗಲಿಲ್ಲ. ತೂತಿನ ಮೇಲಿಂದ ಬೆರಳು ತೆಗೆದು ತಾನೇ ಹೇಳಿದ: "ಕುರುಡನ ಸಾಕ್ಷಿ ನಡೆಯಾಕಿಲ್ಲ ಅಂತ ನಾವಿಬ್ರೂ ಓದಿದ್ದೀವಿ. ಸಾಕ್ಷಿ ಅಧ್ಯಾಯ ಬಂದ ದಿನ ಆ ಸಾಲ್ನೂ ನಾನೇ ಯೋಳ್ದೆ. ನೀನು ಬೆರಳಿಟ್ಕೊಂಡು ಸರಿಯಾಗ್ ಅದೆ ಅಂದೆ." ಪುಸ್ತಕ ಮುಚ್ಚಿ ಬಟ್ಟೆ ಸುತ್ತಿದ. "ಓಗು. ಬಸ್ಸಿಗೆ ಒತ್ತಾಯ್ತು."

ಅವನ ಹೆಂಡತಿ ಬಾಗಿಲವರೆಗೆ ಬಂದರು. ನನಗಿಂತ ಎರಡು ವರ್ಷ ಚಿಕ್ಕವರಾದರೂ ನಾನು ಭಾಬಿ ಎನ್ನುತ್ತೇನೆ. ಎಡಗಣ್ಣು ಮೊದಲೇ ಹೋಗಿತ್ತಂತೆ. ಬಲಗಣ್ಣಿನ ಆಪರೇಷನ್ ಆದ ಮೇಲೆ ಇದ್ದದ್ದೂ ಹೋಯಿತಂತೆ. ಕಾಣದಿರುವುದನ್ನು ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದನಂತೆ.

"ಗುರ್ವಾರ ಒಂದಿನ ನೀವು ಬತ್ತೀರ ಅಂತ ಎದ್ದು ಸ್ನಾನ ಮಾಡ್ತಾರೆ ಭಾಯ್. ಮಿಕ್ಕಿದ್ ದಿನ ಗೋಡೆ ಕಡೀಕ್ ತಿರುಕ್ಕೊಂಡು ಮಲಗಿರ್ತಾರೆ. ಅದೊಂದನ್ನ ಕಿತ್ಕೊಬ್ಯಾಡಿ."

ಮನೆಗೆ ಬಂದು ದಿನಚರಿ ತೆಗೆದು ಲೆಕ್ಕ ಹಾಕಿದೆ. ಆಪರೇಷನ್ನಿಗೆಂದು ಅವನು ಒಂದು ವಾರ ಬಿಡುವು ಕೇಳಿದ್ದು ಬರೆದಿಟ್ಟಿದ್ದೆ. ಅದರ ಹಿಂದಿನ ವಾರ ನಾವು ಓದಿದ್ದು ನಲವತ್ತೊಂದನೆಯ ಹಾಳೆ.

ಮುಂದಿನ ಮೂರು ಗುರುವಾರವೂ ಹೋದೆ. ಬಾಗಿಲು ತೆಗೆದದ್ದು ಅವನ ಮಗ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು. "ಅಬ್ಬಾ ಮಲಗವ್ರೆ ಚಾಚಾ," ಎಂದು ಪ್ರತಿ ಸಲವೂ ನೆಲ ನೋಡಿಕೊಂಡು ಹೇಳಿದ. ನಾನು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ಹಿಂತಿರುಗಿದೆ. ಟ್ರಸ್ಟಿಗೆ ಏನೂ ಹೇಳಲಿಲ್ಲ. ಆ ಒಂದೂವರೆ ಪುಟವನ್ನು ಹರಿದು ಹಾಕಿದೆ.

ನಾಲ್ಕನೆಯ ಗುರುವಾರ ಭಾಬಿಯೇ ಬಾಗಿಲು ತೆಗೆದರು. ಒಳಗೆ ಪೀಠ ಹಾಕಿತ್ತು, ಪುಸ್ತಕ ಇತ್ತು. ಅವನು ಗೋಡೆಗೆ ಒರಗಿ ಕೂತಿದ್ದ. ನನ್ನ ಸಲಾಮಿಗೆ ಉತ್ತರ ಕೊಟ್ಟ.

"ನಾನು ಓದ್ಲಾ?" ಎಂದರು ಭಾಬಿ. "ಕುರಾನ್ ಓದಾಕೆ ಕಲ್ತಿವ್ನಲ್ಲ, ಅಕ್ಸರ ಬತ್ತವೆ. ಜೇರ್ ಜಬರ್ ಅಂತ ಸ್ವರದ ಗುರ್ತು ಇಲ್ದಿದ್ರೆ ಪದ ಓದಾಕ್ ಬರಾಕಿಲ್ಲ. ಒಂದೊಂದೇ ಅಕ್ಸರ ಯೋಳ್ತೀನಿ. ಅರ್ಥ ಅಂತೂ ಒಂದೂ ಬರಾಕಿಲ್ಲ."

"ಅರ್ಥ ಬರದಿರೋದೇ ಬೇಕಾಗಿರೋದು ಭಾಬಿ," ಅಂದೆ.

ಅವಸರಕ್ಕೆ ಆಡಿದ ಮಾತಲ್ಲ. ನಮ್ಮ ಕೆಲಸದಲ್ಲಿ ಬಲ್ಲವನ ಕಣ್ಣು ಅಪಾಯದ್ದು. ಅದು ಇರುವುದನ್ನು ನೋಡುವ ಮೊದಲೇ ಇರಬೇಕಾದದ್ದನ್ನು ಓದಿಬಿಡುತ್ತದೆ. ಏನೂ ಗೊತ್ತಿಲ್ಲದವರು ಮಾತ್ರ ಅಲಿಫ್ ಇದ್ದ ಕಡೆ ಅಲಿಫ್ ಅನ್ನುತ್ತಾರೆ.

ಮತ್ತೆ ನಲವತ್ತೆರಡನೆಯ ಹಾಳೆಯಿಂದ ಶುರು ಮಾಡಿದೆವು. ಸೋಮವಾರ, ಗುರುವಾರ, ವಾರಕ್ಕೆ ಎರಡು ದಿನ. ಭಾಬಿ ಒಳಬಾಗಿಲ ಹೊಸ್ತಿಲ ಆಚೆ, ನಾನು ಈಚೆ, ನಡುವೆ ಅವನು. ಅವರು ಕನ್ನಡಕ ಏರಿಸಿ, ಪುಟದ ಮೇಲೆ ಕಸಬರಿಕೆ ಕಡ್ಡಿ ಇಟ್ಟುಕೊಂಡು ಹೇಳುತ್ತಿದ್ದರು. ವಾವ್. ಲಾಮ್. ಅಲಿಫ್. ಇಲ್ಲೊಂದು ಹಲ್ಲಿನಂಥ ಗೀಟು, ಮೇಲೆ ಎರಡು ಚುಕ್ಕೆ. ನಾನು ಅಕ್ಷರಗಳನ್ನು ಬರೆದುಕೊಂಡು, ಪದ ಕೂಡಿಸಿ, ನನ್ನ ಪ್ರತಿಯೊಂದಿಗೆ ಹೋಲಿಸುತ್ತಿದ್ದೆ. ಮೊದಲ ದಿನವೇ ಹದಿನಾಲ್ಕು ಪಾಠಾಂತರ ಸಿಕ್ಕವು.

ಅವನು ಸುಮ್ಮನಿರುತ್ತಿರಲಿಲ್ಲ.

"ಅಲ್ಲ. ಅಲ್ಲಿ ಫೇ ಬರ್ಬೇಕು."

"ಇಲ್ಲಿ ವಾವ್ ಅದೆ," ಎನ್ನುವರು ಭಾಬಿ.

"ಸರಿಯಾಗ್ ನೋಡು."

"ನೋಡಿವ್ನಿ. ವಾವೇ. ಬಾಲ ಕೆಳೀಕ್ ಓಗ್ಯದೆ."

"ಐವತ್ ವರ್ಸದಿಂದ ಅದು ಫೇ."

"ಅಂಗಾದ್ರೆ ನೀವೇ ಬಂದ್ ಓದಿ."

ಇಂಥ ಮಾತಿಗೆ ನಾನು ತಲೆ ಎತ್ತುತ್ತಿರಲಿಲ್ಲ. ವಾವ್ ಎಂದು ಬರೆದುಕೊಳ್ಳುತ್ತಿದ್ದೆ. ಅವನು ಪೆನ್ನಿನ ಸದ್ದು ಕೇಳಿಸಿಕೊಳ್ಳುತ್ತಿದ್ದ. ತಾನು ಹೇಳಿದ್ದನ್ನು ನಾನು ಬರೆದೆನೋ ಹೆಂಡತಿ ಹೇಳಿದ್ದನ್ನೋ ಎಂದು ಅವನಿಗೆ ತಿಳಿಯುತ್ತಿತ್ತು. ಒಮ್ಮೆಯೂ ಅವನದನ್ನು ಬರೆಯಲಿಲ್ಲ.

ಬಾವಿ ಕಾಲುವೆಗಳ ಅಧ್ಯಾಯ ಬಂದಾಗ ಒಂದು ಸೋಮವಾರ ಭಾಬಿ ಹೇಳುತ್ತ ಹೋದ ಅಕ್ಷರಗಳು ನನ್ನ ಪ್ರತಿಯಲ್ಲಿ ಎಲ್ಲಿಯೂ ಸಿಗಲಿಲ್ಲ. ಒಂದು ಇಡೀ ಸಾಲು. ನೀರು ಎಂಬ ಪದ ಒಂದು ಸಾಲಿನ ಕೊನೆಗೂ ಮುಂದಿನ ಸಾಲಿನ ಕೊನೆಗೂ ಇತ್ತು. ನಮ್ಮ ಪ್ರತಿ ಬರೆದವನ ಕಣ್ಣು ಮೊದಲ ನೀರಿನಿಂದ ಎರಡನೆಯ ನೀರಿಗೆ ಜಾರಿ, ನಡುವಿನದು ಬಿಟ್ಟುಹೋಗಿತ್ತು. ಬಾವಿ ಒಬ್ಬನದೇ ಆದರೂ ಬಾಯಾರಿ ಬಂದ ಮನುಷ್ಯನನ್ನಾಗಲಿ ದನವನ್ನಾಗಲಿ ಅವನು ತಡೆಯಕೂಡದು, ತಡೆಯುವ ಹಕ್ಕು ಹೊಲಕ್ಕೆ ಹಾಯಿಸುವವರ ಮೇಲೆ ಮಾತ್ರ ಎಂಬುದು ಆ ಸಾಲು. ಅದಿಲ್ಲದೆ ಓದಿದರೆ, ಬಾವಿಯ ಯಜಮಾನ ಯಾರನ್ನು ಬೇಕಾದರೂ ತಡೆಯಬಹುದು ಎಂದಾಗುತ್ತದೆ. ನಾವು ಕಲಿತದ್ದು ಹಾಗೆಯೇ.

ಅವನು ಅಲ್ಲ ಎನ್ನಲಿಲ್ಲ. ಎನ್ನಲು ಅವನ ಬಳಿ ಏನೂ ಇರಲಿಲ್ಲ.

"ಇನ್ನೊಂದ್ಸಲ ಯೋಳು," ಎಂದ ಹೆಂಡತಿಗೆ. ಅವರು ಹೇಳಿದರು.

"ಉಸ್ತಾದ್ರು ಇದ್ನ ಕಲಿಸ್ನಿಲ್ಲ."

"ಅವರ ಪ್ರತಿಯಲ್ಲಿ ಇಲ್ಲ," ಅಂದೆ.

"ಅಂದ್ರೆ ಅವ್ರಿಗೇ ಗೊತ್ತಿರ್ನಿಲ್ವಾ?"

"ಗೊತ್ತಿರಲಿಲ್ಲ."

"ಎಷ್ಟ್ ಬಾವಿ ಜಗ್ಳದ್ ಪಂಚಾಯ್ತಿ ಮಾಡವ್ರೆ ನಮ್ ಉಸ್ತಾದ್ರು," ಎಂದ.

ನಾನು ಹೊರಡುವಾಗ ಕೇಳಿದ: "ಮುನ್ನುಡಿಲಿ ಏನ್ ಬರೀತೀಯ?"

"ನಲವತ್ತೊಂದನೇ ಹಾಳೆವರೆಗೆ ನೀನು ಓದಿದೆ, ಅಲ್ಲಿಂದ ಮುಂದೆ ಭಾಬಿ ಓದಿದರು ಅಂತ."

"ಆಮ್ಯಾಕೆ ಒಂಬತ್ತು ತಿಂಗ್ಳು ನಾನು ಬಾಯಿ ನೋಯಿಸ್ಕೊಂಡಿದ್ದು?"

"ಅದು ಬರೋದಿಲ್ಲ."

"ಒಂದ್ ಸಾಲೂ?"

"ಒಂದು ಸಾಲೂ."

ನಿಯಮ ಅದೇ. ಕೈಯಲ್ಲಿರುವ ಪ್ರತಿಯಿಂದಲೇ ಹುಟ್ಟಿದ ಪಾಠಕ್ಕೆ ಸಾಕ್ಷಿಯ ಬೆಲೆ ಇಲ್ಲ. ಅದನ್ನು ಸೇರಿಸಿದರೆ ಒಬ್ಬನೇ ಎರಡು ಸಲ ಆಣೆ ಮಾಡಿದ ಹಾಗೆ. ಇವತ್ತು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಆದರೆ ಅವನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿದೆ, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದೆ. ಹನ್ನೊಂದು ಮುಕ್ಕಾಲಿನ ಬಸ್ಸಿತ್ತು.

ಆಮೇಲೆ ಅವನು ತಿದ್ದುವುದು ಕಡಿಮೆಯಾಗಲಿಲ್ಲ, ದನಿ ಮಾತ್ರ ತಗ್ಗಿತು. ನೂರೆಂಟನೆಯ ಹಾಳೆ ಮುಗಿದ ಗುರುವಾರದ ಮರುದಿನ, ಜುಮ್ಮಾ ನಮಾಜಿಗೆ ವಜೂ ಮಾಡುತ್ತಿದ್ದವನು ಬಚ್ಚಲ ಕಲ್ಲಿನ ಮೇಲೆ ಕುಸಿದ. ಮಗ ಫೋನು ಮಾಡುವಷ್ಟರಲ್ಲಿ ಮುಗಿದಿತ್ತು. ನಾಗಮಂಗಲಕ್ಕೆ ಗುರುವಾರವೂ ಸೋಮವಾರವೂ ಅಲ್ಲದ ದಿನ ನಾನು ಹೋದದ್ದು ಅದೇ ಮೊದಲು. ಮಣ್ಣು ಹಾಕಿ ಬಂದೆ.

ಹದಿನೆಂಟು ಹಾಳೆ ಉಳಿದಿದ್ದವು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಪರಪುರುಷರ ಎದುರು ಬರಬಾರದು. ನಮ್ಮ ಗ್ರಂಥದ ಹದಿನೇಳನೆಯ ಹಾಳೆಯಲ್ಲೂ ಅದೇ ಇದೆ, ಎರಡೂ ಪ್ರತಿಗಳಲ್ಲಿ ಒಂದೇ ಪಾಠ. ನಾನು ದಿನ ಎಣಿಸಿದೆ. ಟ್ರಸ್ಟಿನವರು ರಂಜಾನಿನೊಳಗೆ ಕೊಡಿ ಎಂದು ಎರಡು ಸಲ ಪತ್ರ ಬರೆದರು. ನಾಲ್ಕು ತಿಂಗಳ ಮೇಲಿನ ಹತ್ತನೆಯ ದಿನವೂ ಕಳೆದ ನಂತರದ ಗುರುವಾರ ಒಂಬತ್ತೂಕಾಲಿಗೆ ಬಾಗಿಲು ತಟ್ಟಿದೆ.

ಪೀಠ ಹಾಕಿರಲಿಲ್ಲ. ಪುಸ್ತಕ ಬಟ್ಟೆಯಲ್ಲೇ ಇತ್ತು.

"ನನ್ ಕೈಲಿ ಆಗಾಕಿಲ್ಲ ಭಾಯ್," ಎಂದರು ಭಾಬಿ. "ಅವ್ರು ಅಲ್ಲ ಅನ್ನೋರು. ಅಂದಾಗೆಲ್ಲ ನಾನು ಇನ್ನೊಂದ್ಸಲ ನೋಡ್ತಿದ್ದೆ. ಈಗ ನಾನ್ ಯೋಳಿದ್ದೆಲ್ಲ ನೀವು ಅಂಗೇ ಬರ್ಕೊಬುಡ್ತೀರ. ಅದು ದೀನಿನ ಪುಸ್ತಕ, ಧರ್ಮದ್ದು. ನಂಗೆ ಎದ್ರಿಕೆ ಆಯ್ತದೆ."

ನಾನು ಒತ್ತಾಯ ಮಾಡಿದೆ. ಎರಡು ಸಲ ಮಾಡಿದೆ. ಅವರು ತಲೆ ಅಲ್ಲಾಡಿಸಿದರು. ಮಗನಿಗೆ ಆ ಅಕ್ಷರಗಳು ಮರೆತುಹೋಗಿ ಬಹಳ ಕಾಲವಾಗಿತ್ತು. "ನೀವೇ ತಗೊಂಡೋಗಿ ಚಾಚಾ. ತಾತ ಯೋಳಿದ್ದು ಅಬ್ಬಾ ಇರೋಗಂಟ," ಎಂದು ಅವನೇ ಪುಸ್ತಕ ಎತ್ತಿ ನನ್ನ ಕೈಗೆ ಕೊಟ್ಟ. ಹಾಗೆ ಅದು ಹೊಸ್ತಿಲು ದಾಟಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ ಕೂತೆ. ಎಡಕ್ಕೆ ನನ್ನ ಪ್ರತಿ, ಬಲಕ್ಕೆ ಅವನದು. ಒಂದು ಪದ ಇಲ್ಲಿ, ಒಂದು ಪದ ಅಲ್ಲಿ. ನೂರೊಂಬತ್ತು, ನೂರಹತ್ತು, ನೂರಹನ್ನೊಂದು. ಮಧ್ಯಾಹ್ನದ ಹೊತ್ತಿಗೆ ಮೂರು ಹಾಳೆ ಮುಗಿದವು. ಒಂದೂ ಪಾಠಾಂತರ ಸಿಕ್ಕಿರಲಿಲ್ಲ.

ಭಾಬಿ ಓದಿದ ಯಾವ ಹಾಳೆಯಲ್ಲೂ ಹತ್ತಕ್ಕಿಂತ ಕಡಿಮೆ ಇರಲಿಲ್ಲ. ನೂರೊಂಬತ್ತನೆಯದನ್ನು ಮತ್ತೆ ತೆಗೆದು, ಕಡ್ಡಿ ಇಟ್ಟುಕೊಂಡು, ಅಕ್ಷರ ಅಕ್ಷರವಾಗಿ ನೋಡಿದೆ. ಎರಡನೆಯ ಸಾಲಿನಲ್ಲೇ ಒಂದು ಪದ ಇರಲಿಲ್ಲ. ಅದನ್ನು ನಾನು ಬೆಳಿಗ್ಗೆ ಓದಿದ್ದೆ. ಇಲ್ಲದ ಪದವನ್ನು, ಕನ್ನಡಕ ಹಾಕಿಕೊಂಡು, ಹಗಲು ಬೆಳಕಿನಲ್ಲಿ ಓದಿದ್ದೆ. ಕೊನೆಯ ಪದದಿಂದ ಹಿಂದಕ್ಕೆ ಓದಿ ನೋಡಿದೆ. ಆಗಲೂ ಎರಡು ಪದ ಸಿಕ್ಕೊಡನೆ ಇಡೀ ಸಾಲು ನಾಲಿಗೆಗೆ ಬಂದು ಕಣ್ಣನ್ನು ಎಳೆದುಕೊಂಡು ಹೋಗುತ್ತಿತ್ತು. ಆರು ದಿನ ಪ್ರಯತ್ನಿಸಿದೆ. ಪ್ರತಿ ಸಲ ನೋಡಿದಾಗಲೂ ಹಿಂದಿನ ಸಲ ಕಾಣದ ಒಂದೆರಡು ಸಿಗುತ್ತಿದ್ದವು. ಎಲ್ಲ ಸಿಕ್ಕಿದವು ಎಂದು ಯಾವತ್ತಿಗೂ ಹೇಳುವ ಹಾಗಿರಲಿಲ್ಲ. ಆ ಕೈಬರಹ ಓದಬಲ್ಲ ಇಬ್ಬರು ವಿದ್ವಾಂಸರಿಗೆ ಪತ್ರ ಬರೆದೆ. ಒಬ್ಬರು ಬಿಡುವಿಲ್ಲ ಎಂದರು. ಇನ್ನೊಬ್ಬರು ಉತ್ತರ ಬರೆಯಲಿಲ್ಲ.

ಒಂದು ತಿಂಗಳು ಕಾದು, ಒಂದು ಗುರುವಾರ ಪುಸ್ತಕ ಹಿಂತಿರುಗಿಸಿದೆ.

"ಆಯ್ತಾ ಭಾಯ್?"

"ಇಲ್ಲ ಭಾಬಿ. ನನಗೆ ಹಾಳೆ ಕಾಣ್ತಿಲ್ಲ. ಬಾಯಿಪಾಠವೇ ಕಾಣುತ್ತೆ."

ಅವರು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಬಟ್ಟೆಯ ಗಂಟು ಬಿಗಿದರು.

"ಅವ್ರಿಗೂ ಇಂಗೇ ಆಯ್ತಿತ್ತೇನೋ," ಎಂದರು. "ಕಾಣ್ತದೆ ಅಂತಾನೇ ಅನ್ಕೊಂಡಿದ್ರೇನೋ. ನೀವು ಅವ್ರನ್ನ ಕೇಳಿದ್ರಾ?"

ಅಂಗಿಯ ಬಣ್ಣ ಕೇಳಿದ್ದೆ. ಇದನ್ನು ಕೇಳಿರಲಿಲ್ಲ. ಇಲ್ಲ ಎಂದೆ.

ಪುಸ್ತಕ ರಂಜಾನಿಗೆ ಮೊದಲು ಅಚ್ಚಿಗೆ ಹೋಯಿತು. ಯಾವ ಹಾಳೆಯಿಂದ ಯಾವ ಹಾಳೆಯವರೆಗೆ ಯಾರು ಓದಿದರು ಎಂಬುದನ್ನು ಮುನ್ನುಡಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಕೊನೆಯ ಹದಿನೆಂಟು ಹಾಳೆಗಳಿಗೆ ಒಂದೇ ಪ್ರತಿಯ ಆಧಾರ, ಓದುಗರು ನಂಬಬಾರದು ಎಂದೂ ಬರೆದಿದ್ದೇನೆ. ಸಂಪಾದಕರೆಂದು ಇಬ್ಬರ ಹೆಸರಿದೆ, ಅವನದು ಮೊದಲು. ಒಂದು ಪ್ರತಿಯನ್ನು ನಾಗಮಂಗಲಕ್ಕೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಭಾಬಿ ಕೈ ತೊಳೆದು ಬಂದು, ಪುಟ ತಿರುಗಿಸಿ, ಅಚ್ಚಿನ ಅಕ್ಷರ ಚಿಕ್ಕದಾಯಿತು ಎಂದರು. ಊಟ ಮಾಡಿಕೊಂಡು ಹೋಗಿ ಎಂದರು. ಆವತ್ತು ಹನ್ನೊಂದು ಮುಕ್ಕಾಲಿನ ಬಸ್ಸನ್ನು ಬಿಟ್ಟು ಕೂತೆ.